ಎರಡು ಚೌಕ

ಬ್ರಾಹ್ಮಿ ಲಿಪಿಯಲ್ಲಿ ‘ಬ’ ಅಂದರೆ ಒಂದು ಚೌಕ. ‘ಕ’ ಅಂದರೆ ಕೂಡಿಸುವ ಚಿಹ್ನೆ. ‘ರ’ ಅಂದರೆ ಮೇಲಿನಿಂದ ಕೆಳಕ್ಕೆ ಹಾವಿನ ಹಾಗೆ ಒಂದು ಗೀಟು. ಇದನ್ನೆಲ್ಲ ಕಲಿಯಲೇಬೇಕು ಅಂತ ಹಟ ಹಿಡಿದವರು ಕೊಪ್ಪಳದಲ್ಲಿ ನನಗೆ ಗೊತ್ತಿದ್ದ ಹಾಗೆ ಇಬ್ಬರೇ. ನಾನು ಮತ್ತು ಅವಳು.

ನಾವು ಸಿಕ್ಕಿದ್ದೇ ಗವಿಮಠದ ಗುಡ್ಡದ ಮೇಲೆ, ಅಶೋಕನ ಶಾಸನದ ಮುಂದೆ. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದೇ ಗುಡ್ಡದಲ್ಲಿ 1931ರಲ್ಲಿ ಬೆಳಕಿಗೆ ಬಂದ ಈ ಬಂಡೆ ಹತ್ತಿರ ಹೋಗಿ ನಿಲ್ಲುವವರು ಕಡಿಮೆ. ಅವತ್ತು ಭಾನುವಾರ. ನಾನು ನೋಟ್‌ಬುಕ್ಕಿನಲ್ಲಿ ಅಕ್ಷರ ನಕಲು ಮಾಡುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು. “ಒಂದು ಸಾಲು ಬಿಟ್ರಿ ನೋಡ್ರಿ.” ತಿರುಗಿದರೆ ಅವಳ ಕೈಯಲ್ಲೂ ಒಂದು ನೋಟ್‌ಬುಕ್. ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಜೊತೆಗೆ ಕಾಲೇಜು ಓದುವ ತಮ್ಮ.

ಆಮೇಲೆ ಹೆಚ್ಚುಕಮ್ಮಿ ಎರಡು ವರ್ಷ ನಮಗೆ ಭಾನುವಾರ ಅಂದರೆ ಬಂಡೆಗಳೇ. ಮಸ್ಕಿಗೂ ಹೋಗಿ ಬಂದೆವು. ಶಾಸನಗಳಲ್ಲಿ ಬರುವ ದೇವಾನಂಪ್ರಿಯ ಎಂಬ ರಾಜ ಅಂದರೆ ಅಶೋಕನೇ ಅಂತ ಜಗತ್ತಿಗೆ ತೋರಿಸಿಕೊಟ್ಟ ಶಾಸನ ಅದು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಲ್ಲಿ ನಿಂತು ಅವಳು ‘ಅಸೋಕಸ’ ಅಂತ ಬೆರಳು ಗಾಳಿಯಲ್ಲಿ ಆಡಿಸುತ್ತಾ ಓದಿದ್ದು ಈಗಲೂ ಕಿವಿಯಲ್ಲಿದೆ.

ನಾನು ಹೇಳಬೇಕಾಗಿರುವುದು ಪಾಲ್ಕಿಗುಂಡಿನ ದಿನದ ವಿಷಯ. ಬಂಡೆಗಳ ಮೇಲೆ ದೊಡ್ಡದೊಂದು ಚಪ್ಪಟೆ ಗುಂಡು ಪಲ್ಲಕ್ಕಿಯ ಹಾಗೆ ಕೂತಿದೆ, ಅದಕ್ಕೇ ಆ ಹೆಸರು. ಅಲ್ಲಿನ ಶಾಸನ ಗವಿಮಠದಷ್ಟು ಚೆನ್ನಾಗಿ ಉಳಿದಿಲ್ಲ, ಮಳೆಗಾಳಿಗೆ ಸವೆದಿದೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ಮಾತ್ರ ಕೆಲವು ಅಕ್ಷರ ಎದ್ದು ಕಾಣುತ್ತವೆ. ಹಾಗಾಗಿ ಬೇಗ ಹೋಗಿದ್ದೆವು. ಓದಿ ಮುಗಿಸಿ ನೆರಳಿಗೆ ಕೂತೆವು. ಅವಳು ಬಟ್ಟೆಯ ಗಂಟು ಬಿಚ್ಚಿದಳು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಎಣ್ಣೆಗಾಯಿ ನನಗೆ ಇಷ್ಟ ಅಂತ ಯಾವಾಗಲೋ ಸುಮ್ನೆ ಒಂದು ಮಾತು ಅಂದಿದ್ದೆ, ಅಷ್ಟೇ.

ತಮ್ಮ ಫೋನ್ ಹಿಡಿದು ಫೋಟೊ ತೆಗೆಯಲು ಆಚೆ ಹೋದ. ಅವಳು ನನ್ನ ನೋಟ್‌ಬುಕ್ ಎಳೆದುಕೊಂಡು ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬ್ರಾಹ್ಮಿಯಲ್ಲಿ ಏನೋ ಬರೆದಳು. ನಿಧಾನವಾಗಿ ಬರೆದಳು. “ಓದ್ರಿ” ಅಂದಳು.

‘ಮುಂದಿನ ಸಲ ನಾವಿಬ್ಬರೇ ಬರೋಣ.’

ನಾನು ಗಟ್ಟಿಯಾಗಿಯೇ ಓದಿದೆ. ಓದಿದ ಮೇಲೆ ನನ್ನ ಕಣ್ಣು ನಿಂತಿದ್ದು ‘ಬ್ಬ’ ಮೇಲೆ. ಒಂದು ಚೌಕ, ಅದರ ಕೆಳಗೆ ಅಂಟಿಕೊಂಡು ಇನ್ನೊಂದು ಚೌಕ. “ಅಶೋಕನ ಶಾಸನದಾಗ ಒಂದೇ ಅಕ್ಷರ ಎರಡು ಸಲ ಒತ್ತಿ ಬರೆಯಂಗಿಲ್ರಿ. ಪುತ್ತ ಅನ್ನೋದನ್ನ ಪುತ ಅಂತಾರ. ಇಲ್ಲಿ ಒಂದು ಚೌಕ ಸಾಕು” ಅಂದೆ. ಜೇಬಿನಲ್ಲಿದ್ದ ಕೆಂಪು ಪೆನ್ನು ತೆಗೆದು ಕೆಳಗಿನ ಚೌಕಕ್ಕೆ ಕಾಟು ಹಾಕಿ ತಿದ್ದಿದೆ.

ಅವಳು ಹಾಳೆಯನ್ನೇ ನೋಡುತ್ತಾ “ಹೌದಾ” ಅಂದಳು.

ಇಳಿಯುವಾಗ ನಾನು ಒಂದು ಕಡೆ ತಡವರಿಸಿದೆ. “ಹುಷಾರು, ಜಾರತೈತಿ ನೋಡು” ಅಂದಳು. ನೋಡ್ರಿ ಅನ್ನಲಿಲ್ಲ, ನೋಡು ಅಂದಳು. ಎರಡು ವರ್ಷದಲ್ಲಿ ಅದೇ ಮೊದಲು. ಅದನ್ನು ನಾನು ಕೇಳಿಸಿಕೊಂಡೆ. ಕಾಲು ಜಾರುವ ಗಡಿಬಿಡಿಯಲ್ಲಿ ಬಂದ ಮಾತು ಅಂದುಕೊಂಡೆ.

ಮುಂದಿನ ಸಲ ಹೋಗಿದ್ದು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ. ತಮ್ಮ ಬಂದಿರಲಿಲ್ಲ. ನಾನೇ ಆಫೀಸಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗಿದ್ದೆ. ಇಂಥ ಜಾಗವನ್ನು ನಾಲ್ಕು ಜನ ನೋಡಲಿ ಅಂತ ನನಗೆ ನಿಜವಾಗಿಯೂ ಆಸೆ ಇತ್ತು. ದಾರಿ ಉದ್ದಕ್ಕೂ ಅವರಿಗೇ ವಿವರಿಸಿದೆ. ನೂರಾರು ಕಲ್ಗೋರಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು, ಬಡಿದರೆ ನಗಾರಿಯ ಹಾಗೆ ದನಿ ಕೊಡುವ ಕಲ್ಲು, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು, ಎಲ್ಲ. ಅವಳು ಹಿಂದೆ ಹಿಂದೆ ಬರುತ್ತಿದ್ದಳು.

ಅಲ್ಲಿನ ಊರವರು ಅವನ್ನು ಮೋರೇರ ಮನೆ ಅನ್ನುತ್ತಾರೆ. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಅವಳು ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಿಂಡಿಯ ಅಂಚನ್ನು ಕೈಯಿಂದ ಸವರಿದಳು. ನನ್ನ ಕಡೆ ತಿರುಗಿ “ಇದರಾಗ ಇಬ್ಬರು ಇರಬಹುದಲ್ಲಾ?” ಅಂದಳು.

“ಇವು ಮನಿ ಅಲ್ರಿ. ಸತ್ತವರ ಸಲುವಾಗಿ ಕಟ್ಟಿದ್ದು” ಅಂದೆ.

ಅವಳು ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಅವತ್ತು ರೊಟ್ಟಿಯ ಗಂಟನ್ನು ನನ್ನ ಗೆಳೆಯರ ಮುಂದೆ ಬಿಚ್ಚಿಟ್ಟು, ತಾನು ಜಾಸ್ತಿ ತಿನ್ನಲಿಲ್ಲ.

ಅದಾದ ಮೇಲೆ ಭಾನುವಾರಗಳು ಕಡಿಮೆಯಾದವು. ಪರೀಕ್ಷೆ ಪೇಪರ್ ತಿದ್ದುವುದಿದೆ, ಮನೆಗೆ ನೆಂಟರು ಬಂದಿದ್ದಾರೆ ಅನ್ನುತ್ತಿದ್ದಳು. ನಾನು ನಂಬಿದೆ. ಮರುವರ್ಷ ಮದುವೆ ಕಾರ್ಡ್ ಬಂತು. ಹೋಗಿ ಅಕ್ಕಿಕಾಳು ಹಾಕಿ ಬಂದೆ.

ಈ ಸಲದ ಗವಿಮಠದ ಜಾತ್ರೆಯಲ್ಲಿ ಅವಳ ತಮ್ಮ ಸಿಕ್ಕ. ಈಗ ಅವನಿಗೂ ನೌಕರಿ ಆಗಿದೆ. ತೇರು ಎಳೆದಾದ ಮೇಲೆ ಮಿರ್ಚಿ, ಮಂಡಕ್ಕಿ ಹಿಡಿದು ಒಂದು ಕಡೆ ನಿಂತಿದ್ದೆವು. ಅದೂ ಇದೂ ಮಾತಾಡಿ ಅವನೇ ತಡೆದು ತಡೆದು ಹೇಳಿದ. “ಅಣ್ಣಾ, ಈಗ ಹೇಳಬಾರದು ಖರೆ. ನೀವು ಏನರ ಅಂತೀರಿ ಅಂತ ಅಕ್ಕ ಭಾಳ ದಿನ ದಾರಿ ಕಾದಳ್ರಿ. ಬಂದ ಎರಡು ವರಾನೂ ಬ್ಯಾಡ ಅಂದಿದ್ಲು. ಬೆಣಕಲ್ ಗುಡ್ಡಕ್ಕ ನಾನು ಬರಬಾರದು ಅಂತ ನನಗ ನೂರು ರೂಪಾಯಿ ಕೊಟ್ಟಿದ್ಲು.”

ಕೈಯಲ್ಲಿದ್ದ ಮಿರ್ಚಿ ಆರಿತು. ಏನೂ ಹೇಳಲು ಆಗಲಿಲ್ಲ. ಅವನ ಹೆಗಲ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತೆ. “ಅಕ್ಕ ಆರಾಮ ಅದಾಳಾ?” ಅಂತ ಕೇಳಿದೆ. “ಆರಾಮ ಅದಾಳ್ರಿ, ಸಣ್ಣ ಮಗಳದಾಳ” ಅಂದ. ಅದನ್ನು ಕೇಳಿ ಮನಸ್ಸಿಗೆ ಸಮಾಧಾನವಾಯಿತು.

ಅವತ್ತು ರಾತ್ರಿ ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಕೊನೆಯ ಹಾಳೆ ಹಾಗೇ ಇತ್ತು. ಪೆನ್ಸಿಲ್ ಅಕ್ಷರ ಮಸುಕಾಗಿ, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವಷ್ಟಾಗಿತ್ತು. ಕೆಂಪು ಕಾಟು ಮಾತ್ರ ಹೊಸದರ ಹಾಗೆ ಇತ್ತು. ಮೇಜಿನ ಮೇಲಿನ ಪೆನ್ಸಿಲ್ ಚೂಪು ಮಾಡಿಕೊಂಡೆ. ಸಣ್ಣ ಮಕ್ಕಳು ಅಕ್ಷರ ತಿದ್ದುವ ಹಾಗೆ, ಅವಳು ಬರೆದ ಗೀಟಿನ ಮೇಲೆಯೇ, ಮೊದಲ ಅಕ್ಷರದಿಂದ ಒಂದೊಂದಾಗಿ ತಿದ್ದುತ್ತಾ ಬಂದೆ. ‘ಬ್ಬ’ ಬಂದಾಗ ಎರಡೂ ಚೌಕ ತಿದ್ದಿದೆ.