ಫಜ್ ಪೆಡಲಿನೊಳಗಿನ ಸಿಳ್ಳೆ

ಎರಡು ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಫಜ್ ಪೆಡಲೊಂದನ್ನು, ಅಂದರೆ ಗಿಟಾರಿನ ದನಿಯನ್ನು ಒರಟಾಗಿಸುವ ಕಾಲೊತ್ತು ಪೆಟ್ಟಿಗೆಯನ್ನು, ನಾನು ಮನೆಯಲ್ಲಿಯೇ ಕಟ್ಟಿಕೊಂಡಿದ್ದೆ. ಇಂಥ ಪೆಡಲಿನಲ್ಲಿ ಗ್ರೌಂಡು (ಸರ್ಕ್ಯೂಟಿಗೆಲ್ಲ ಸಾಮಾನ್ಯವಾದ ಸೊನ್ನೆ ವೋಲ್ಟಿನ ನೆಲೆ) ಬ್ಯಾಟರಿಯ ಧನ ತುದಿಗೆ ಸೇರಿರುತ್ತದೆ. ಉಳಿದ ಪೆಡಲುಗಳಲ್ಲಿ ಋಣ ತುದಿಗೆ. ಎಲ್ಲವನ್ನೂ ಒಂದೇ 9 ವೋಲ್ಟಿನ ಅಡಾಪ್ಟರಿಗೆ ಸಿಕ್ಕಿಸಿದರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ಆದ್ದರಿಂದ 9 ವೋಲ್ಟನ್ನು ಮೈನಸ್ 9 ಮಾಡಿಕೊಡುವ 7660 ಎಂಬ ಚಾರ್ಜ್ ಪಂಪ್ ಐಸಿಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು, ಒಂದು ಭಾನುವಾರ ಬೆಳಿಗ್ಗೆ ಬೆಸುಗೆ ಹಾಕಿದೆ.

ಗಿಟಾರಿನ ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಆಂಪ್ಲಿಫೈಯರಿನಿಂದ ಸೊಳ್ಳೆಯ ಗುಂಯ್‌ಗಿಂತ ತೆಳುವಾದ ಸಿಳ್ಳೆಯೊಂದು ನಿಲ್ಲದೆ ಬರುತ್ತಿತ್ತು. ಐಸಿಯನ್ನು ಸಾಕೆಟ್ಟಿನಿಂದ ಕಿತ್ತು ಬ್ಯಾಟರಿ ಜೋಡಿಸಿದಾಗ ಅದು ಮಾಯವಾದ್ದರಿಂದ ತಪ್ಪು ಪಂಪಿನದೇ ಎಂಬುದು ಖಚಿತವಾಯಿತು. ಇದರ ಆಸಿಲೇಟರು, ಅಂದರೆ ಪಂಪಿಗೆ ತಾಳ ಹಾಕುವ ಭಾಗ, ಸುಮಾರು 10 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ, ಒಳಗಿನ ಸ್ವಿಚ್ಚುಗಳು ಅದರ ಅರ್ಧ ವೇಗದಲ್ಲಿ ಬಡಿಯುತ್ತವೆ. ಎರಡೂ ಕಿವಿಗೆ ಕೇಳಿಸುವ ವ್ಯಾಪ್ತಿಯವೇ. ಒಂದನೇ ಪಿನ್ನನ್ನು ಎಂಟನೆಯದಕ್ಕೆ ಸೇರಿಸಿದರೆ ವೇಗ ಹೆಚ್ಚುತ್ತದೆಂದು ಕೇಳಿದ್ದೆನಾದ್ದರಿಂದ ಹಾಗೆಯೇ ಮಾಡಿದೆ. ಏನೂ ಬದಲಾಗಲಿಲ್ಲ. ಐಸಿಯ ವಿವರಪತ್ರವಾದ ಡೇಟಾಶೀಟ್ ತೆರೆದಾಗ, ನನ್ನ ಕೈಯಲ್ಲಿದ್ದ ಹಳೆಯ ಮಾದರಿಯಲ್ಲಿ ಆ ಪಿನ್ ಒಳಗೆ ಯಾವುದಕ್ಕೂ ತಾಗಿಯೇ ಇಲ್ಲವೆಂದು ತಿಳಿಯಿತು. (ಅದನ್ನು ಮೊದಲೇ ಓದಬಹುದಿತ್ತು.) ಡಬ್ಬಿಯಲ್ಲಿದ್ದ ಟಿಸಿ1044ಎಸ್ ಎಂಬ ಇನ್ನೊಂದು ಚಾರ್ಜ್ ಪಂಪ್ ಐಸಿಯನ್ನು ಹಾಕಿದೆ, ಅದೇ ಎರಡು ಪಿನ್ನುಗಳನ್ನು ಜೋಡಿಸಿದರೆ ಅದರ ಆಸಿಲೇಟರು ಕಿವಿಗೆ ನಿಲುಕದ ಸುಮಾರು 45 ಕಿಲೋಹರ್ಟ್ಸ್‌ಗೆ ಏರುತ್ತದೆ.

ಒಂಟಿಯಾಗಿ ನುಡಿಸಿದಾಗ ಪೆಡಲು ಶಾಂತವಾಗಿತ್ತು. ಆದರೆ ಚಾರ್ಜ್ ಪಂಪ್ ಇರುವ ಮತ್ತೊಂದು ಓವರ್‌ಡ್ರೈವ್ ಪೆಡಲನ್ನು ಅದೇ ಅಡಾಪ್ಟರಿಗೆ ಸೇರಿಸಿದೊಡನೆ, ಏರುತ್ತ ಇಳಿಯುತ್ತ ಹೋಗುವ ಹೊಸದೊಂದು ಸ್ವರ ಹುಟ್ಟಿತು. ಎರಡು ಪಂಪುಗಳ ಆವರ್ತನಗಳ ನಡುವಿನ ವ್ಯತ್ಯಾಸವೇ ಈಗ ಕಿವಿಗೆ ಬೀಳುತ್ತಿತ್ತು. ಅದನ್ನು ಸೋಸಲೆಂದು ಮೈನಸ್ 9ರ ದಾರಿಯಲ್ಲಿ 100 ಓಮ್‌ನ ರೆಸಿಸ್ಟರನ್ನೂ ಅದರ ಬಳಿಕ ಗ್ರೌಂಡಿಗೆ 100 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನೂ ಹಾಕಿದೆ. ಫಜ್ ಎಳೆಯುವ ಕರೆಂಟು ಸುಮಾರು 1 ಮಿಲಿಆಂಪಿಯರ್ ಆದ್ದರಿಂದ ಇದರಿಂದ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಸ್ವರ ಕುಗ್ಗಿತು, ಹೋಗಲಿಲ್ಲ.

ಮಧ್ಯಾಹ್ನದ ಊಟ ತಣ್ಣಗಾದ ಮೇಲೆ ಬೋರ್ಡನ್ನು ತಿರುಗಿಸಿ ನೋಡಿದೆ. ಪಂಪಿನ ಔಟ್‌ಪುಟ್ ಕೆಪಾಸಿಟರಿನ ಧನ ಕಾಲು ತಾಮ್ರದ ಯಾವ ಪಟ್ಟಿಗೆ ಇಳಿದಿತ್ತೋ, ಇನ್‌ಪುಟ್ ಜ್ಯಾಕಿನ ಗ್ರೌಂಡೂ ಅದೇ ಪಟ್ಟಿಯ ಕೊನೆಯಲ್ಲಿತ್ತು. ಪಂಪು ಬಡಿದಾಗಲೆಲ್ಲ ಹರಿಯುವ ಕರೆಂಟು ಆ ಪಟ್ಟಿಯಲ್ಲಿ ಅಷ್ಟಿಷ್ಟು ವೋಲ್ಟೇಜನ್ನು ಎಬ್ಬಿಸುತ್ತಿತ್ತು. ಫಜ್ ಅದನ್ನು ಗಿಟಾರಿನ ಸಿಗ್ನಲ್ಲೆಂದೇ ಎಣಿಸಿ ದೊಡ್ಡದು ಮಾಡುತ್ತಿತ್ತು. ನಾನು ಇಷ್ಟು ಹೊತ್ತು ಸೋಸುತ್ತಿದ್ದುದು ಸಪ್ಲೈಯನ್ನು, ಗದ್ದಲ ಬರುತ್ತಿದ್ದುದು ಗ್ರೌಂಡಿನಿಂದ. ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ, ಪಂಪಿನ ಗ್ರೌಂಡಿಗೆ ಪ್ರತ್ಯೇಕ ತಂತಿ ಎಳೆದು, ಅದನ್ನು ಪವರ್ ಜ್ಯಾಕಿನ ಬಳಿಯಷ್ಟೇ ಉಳಿದ ಗ್ರೌಂಡಿಗೆ ಸೇರಿಸಿದೆ.

ಎರಡೂ ಪೆಡಲುಗಳನ್ನು ಮತ್ತೆ ಹಚ್ಚಿದಾಗ ಸ್ವರವಿರಲಿಲ್ಲ. ಜರ್ಮೇನಿಯಂನ ಸ್ವಂತ ಸುಯ್ ಸದ್ದು ಮಾತ್ರ ಉಳಿದಿತ್ತು. ಅದು ಬ್ಯಾಟರಿಯಲ್ಲಿಯೂ ಇದ್ದದ್ದೇ.