ಒಂದು ಊರು, ಎರಡು ಗಡಿಯಾರ

ಎಂಟನೆಯ ತರಗತಿಯಲ್ಲಿ ಯೂರೋಪಿನ ನಕಾಶೆ ಬರೆಸುವಾಗ ನಮ್ಮ ಮೇಷ್ಟ್ರು ನದಿಗೆ ನೀಲಿ, ಬೆಟ್ಟಕ್ಕೆ ಕಂದು, ದೇಶದ ಗಡಿಗೆ ಕಪ್ಪು ಶಾಯಿಯನ್ನೇ ಬಳಸಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಆ ಕಪ್ಪು ಗೆರೆ ಎಷ್ಟು ಸುಲಭವಾಗಿ ಜಾಗ ಬದಲಿಸುತ್ತದೆ ಎಂಬುದು ನನಗೆ ಅರ್ಥವಾದದ್ದು, 2015ರಲ್ಲಿ ವೈದ್ಯಕೀಯ ಓದಲೆಂದು ಉಕ್ರೇನಿನ ಪಶ್ಚಿಮದ ಅಂಚಿನಲ್ಲಿರುವ ಉಜ್‌ಹೊರೋದ್ ಎಂಬ ಊರಿಗೆ ಹೋದಮೇಲೆ.

ಅಲ್ಲಿನ ಜನಸಂಖ್ಯೆ ಸುಮಾರು 1.15 ಲಕ್ಷ, ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು. ಊರಿನ ಅಂಚಿಗೇ ಸ್ಲೊವಾಕಿಯಾದ ಗಡಿ ತಾಗಿಕೊಂಡಿದೆ. ಉಕ್ರೇನಿನ ಉಳಿದ ಭಾಗಕ್ಕೂ ಊರಿಗೂ ನಡುವೆ ಕಾರ್ಪೇಥಿಯನ್ ಬೆಟ್ಟಗಳು ನಿಂತಿರುವುದರಿಂದ ತನ್ನದೇ ರಾಜಧಾನಿಯಾದ ಕೀವ್‌ಗಿಂತ ಬುಡಾಪೆಸ್ಟ್ ಹತ್ತಿರ. ಬೆಟ್ಟದಲ್ಲಿ ಹುಟ್ಟಿದ ಉಜ್ ನದಿಯೂ ಕೀವ್ ಕಡೆ ತಿರುಗದೆ, ಊರನ್ನು ಸೀಳಿಕೊಂಡು ಸ್ಲೊವಾಕಿಯಾಕ್ಕೆ ಇಳಿದು, ಕೊನೆಗೆ ಟಿಸಾ ನದಿಯ ಮೂಲಕ ಡ್ಯಾನ್ಯೂಬನ್ನು ಸೇರುತ್ತದೆ. ಊರಿಗೆ ಹೆಸರು ಬಂದದ್ದು ಆ ನದಿಯಿಂದಲೇ: ‘ಹೊರೋದ್’ ಎಂದರೆ ನಗರ. ಹಂಗೇರಿಯನ್ನರ ಬಾಯಲ್ಲಿ ಅದು ‘ಉಂಗ್‌ವಾರ್’. ‘ವಾರ್’ ಎಂದರೆ ಕೋಟೆ. ಆ ಕೋಟೆ ಇಂದಿಗೂ ಗುಡ್ಡದ ಮೇಲಿದೆ. 1646ರಲ್ಲಿ 63 ಮಂದಿ ಆರ್ಥೊಡಾಕ್ಸ್ ಪಾದ್ರಿಗಳು ತಮ್ಮ ಪೂಜಾಪದ್ಧತಿಯನ್ನು ಬಿಡದೆಯೇ ರೋಮಿನ ಪೋಪರ ಅಧೀನಕ್ಕೆ ಬರಲು ಒಪ್ಪಿದ್ದು ಅದರೊಳಗಿನ ಚರ್ಚಿನಲ್ಲಿ.

ಮೂರನೆಯ ವರ್ಷದಿಂದ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ 1935ರಲ್ಲಿ ಅದೇ ಬೀದಿಯಲ್ಲಿ ಹುಟ್ಟಿದವರು. ಆಗ ಅದು ಚೆಕೊಸ್ಲೊವಾಕಿಯಾ. 1938ರಲ್ಲಿ ಹಂಗೇರಿಗೆ ಸೇರಿತು, 1945ರಲ್ಲಿ ಸೋವಿಯತ್ ಒಕ್ಕೂಟಕ್ಕೆ, 1991ರಲ್ಲಿ ಉಕ್ರೇನಿಗೆ. ಅವರ ತಂದೆ ಹುಟ್ಟಿದಾಗಲಾದರೋ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ. ಅಜ್ಜಿ ಲೆಕ್ಕವನ್ನು ಹಂಗೇರಿಯನ್ನಿನಲ್ಲಿ ಹಾಕುತ್ತಿದ್ದರು, ನನ್ನನ್ನು ಬೈಯುವಾಗ ರಷ್ಯನ್ ಬಳಸುತ್ತಿದ್ದರು, ಪ್ರಾರ್ಥನೆಯ ಮಾತು ಮಾತ್ರ ಬೆಟ್ಟದ ಸೀಮೆಯ ರುಸಿನ್. 1944ರ ವಸಂತದಲ್ಲಿ ಊರಿನ ಯಹೂದಿಗಳನ್ನು ಇಟ್ಟಿಗೆ ಕಾರ್ಖಾನೆಯಲ್ಲಿ ಕೂಡಿಹಾಕಿ, ನಾಜಿಗಳ ಸಾವಿನ ಶಿಬಿರವಿದ್ದ ಆಷ್‌ವಿಟ್ಸ್‌ಗೆ ರೈಲು ಹತ್ತಿಸಿದಾಗ ಅವರಿಗೆ ಒಂಬತ್ತು ವರ್ಷ. ನದಿಯ ದಂಡೆಯಲ್ಲಿ 1904ರಲ್ಲಿ ಕಟ್ಟಿದ ಕೆಂಪು ಬಣ್ಣದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಈಗ ಸಂಗೀತ ಸಭಾಂಗಣ. ನಾವು ಗೆಳೆಯರು ಅಲ್ಲಿಗೆ ಕಛೇರಿ ಕೇಳಲು ಹೊರಟಾಗಲೆಲ್ಲ ಅಜ್ಜಿಯನ್ನೂ ಕರೆದಿದ್ದೇವೆ. ಅವರು ಒಮ್ಮೆಯೂ ಬರಲಿಲ್ಲ.

ಊರು ಇಂದು ಕಣ್ಣಿಗೆ ಚೆಂದ ಕಾಣುವುದಕ್ಕೆ ಚೆಕ್ಕರ ಇಪ್ಪತ್ತು ವರ್ಷದ ಆಡಳಿತವೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ. ಗಲಾಗೋವ್ ಎಂಬ ಜೌಗು ನೆಲದಲ್ಲಿ ಕಚೇರಿಗಳ ಬಡಾವಣೆಯನ್ನು ಕಟ್ಟಿದವರು ಅವರು. 1928ರಲ್ಲಿ ನದಿಯುದ್ದಕ್ಕೂ ಲಿಂಡೆನ್ ಮರಗಳನ್ನು ನೆಟ್ಟವರೂ ಅವರೇ. ಎರಡು ಕಿಲೋಮೀಟರಿಗೂ ಉದ್ದದ ಆ ಸಾಲು ಯೂರೋಪಿನಲ್ಲೇ ದೊಡ್ಡದೆಂದು ಊರಿನವರ ಹೆಮ್ಮೆ. ಜೂನಿನಲ್ಲಿ ಹೂ ಬಿಟ್ಟಾಗ ದಂಡೆಯೆಲ್ಲ ಜೇನಿನ ವಾಸನೆ. ಅಜ್ಜಿ ಆ ಹೂವನ್ನು ಹಳೆಯ ಪತ್ರಿಕೆಯ ಮೇಲೆ ಹರವಿ ಒಣಗಿಸಿಡುತ್ತಿದ್ದರು. ಚಳಿಗಾಲದಲ್ಲಿ ನನಗೆ ಕೆಮ್ಮು ಬಂದರೆ ಅದರದೇ ಕಷಾಯ. ಸೋವಿಯತ್ತಿನವರು ಬಿಟ್ಟುಹೋದದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು 1945ರಲ್ಲಿ ಆರಂಭವಾದ ನಮ್ಮ ವಿಶ್ವವಿದ್ಯಾಲಯ.

ಅಡುಗೆಮನೆಯ ಗೋಡೆಯಲ್ಲಿದ್ದ ಗಡಿಯಾರ ಒಂದು ಗಂಟೆ ಹಿಂದಿತ್ತು. ಕೆಟ್ಟಿದೆಯೆಂದು ನಾನು ಮುಳ್ಳನ್ನು ಸರಿಪಡಿಸಿ, ಸಂಜೆ ಬೈಗುಳ ತಿಂದೆ. ಸರ್ಕಾರಿ ಕಚೇರಿ, ರೈಲು, ತರಗತಿಗಳೆಲ್ಲ ನಡೆಯುವುದು ಕೀವ್ ಸಮಯದಲ್ಲಿ; ಆದರೆ ಬುಡಾಪೆಸ್ಟಿನೊಂದಿಗೆ ಹೊಂದುವ ‘ಊರಿನ ಸಮಯ’ವನ್ನು ಹಳಬರು ಇನ್ನೂ ಬಿಟ್ಟಿಲ್ಲ. ಹತ್ತಕ್ಕೆ ಬಾ ಎಂದ ಚಮ್ಮಾರನ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಒಂದು ಗಂಟೆ ಹಿಮದಲ್ಲಿ ನಿಂತಮೇಲೆ ನನಗೂ ಬುದ್ಧಿ ಬಂತು.

2021ರಲ್ಲಿ ಓದು ಮುಗಿಸಿ ಭಾರತಕ್ಕೆ ಮರಳಿದೆ. ಮರುವರ್ಷ ಫೆಬ್ರುವರಿ ಕೊನೆಯಲ್ಲಿ ಯುದ್ಧ ಶುರುವಾದಾಗ, ಅಲ್ಲಿದ್ದ ನನ್ನ ಕಿರಿಯ ಸಹಪಾಠಿಯೊಬ್ಬ ಫೋನು ಮಾಡಿ, ಚೋಪ್ ಗಡಿ ದಾಟಿ ಹಂಗೇರಿಗೆ ಹೋಗುವ ಬಸ್ಸು ಹನ್ನೊಂದಕ್ಕೆ ಹೊರಡುತ್ತದೆ ಎಂದ. ಅವನಿಗೆ ಧೈರ್ಯದ ಮಾತು ಹೇಳಬೇಕೆಂದುಕೊಂಡಿದ್ದ ನನ್ನ ಬಾಯಿಂದ ಮೊದಲು ಬಂದದ್ದು, ‘ಹನ್ನೊಂದು ಅಂದರೆ ಕೀವ್ ಸಮಯವೋ, ಊರಿನದೋ? ಸರಿಯಾಗಿ ಕೇಳಿಕೊಳ್ಳಪ್ಪ’ ಎಂಬ ಮಾತು.