ಒರತೆ ಹಿಡಿದು ಹಾರಿದ ದಾರಿ

ಆ ಪ್ರಯಾಣ ಅಂದರೆ ನನಗೆ ಮೊದಲು ನೆನಪಾಗುವುದು ಚಳಿ. 2025ರ ಜುಲೈ, ದಕ್ಷಿಣ ಆಸ್ಟ್ರೇಲಿಯಾದ ಮರೀ ಎಂಬ ಪುಟ್ಟ ಊರು, ಸೂರ್ಯ ಆಗಷ್ಟೇ ಹುಟ್ಟಿದ್ದ. ಮರಳುಗಾಡು ಅಂದ ಕೂಡಲೇ ನಮಗೆ ಬಿಸಿಲು ಕಣ್ಮುಂದೆ ಬರುತ್ತದೆ, ಅಲ್ವಾ? ಆದರೆ ಇಲ್ಲಿನ ಚಳಿಗಾಲದ ಬೆಳಿಗ್ಗೆ ನಾಲ್ಕೈದು ಡಿಗ್ರಿ ಇರುತ್ತದೆ. ಗೈರೋಪ್ಲೇನ್ ಅನ್ನುವ ನನ್ನ ಪುಟ್ಟ ಹಾರುವ ಯಂತ್ರಕ್ಕೆ ಬಾಗಿಲೂ ಇಲ್ಲ, ಸೂರೂ ಇಲ್ಲ. ಎದುರಿಗೆ ಒಂದು ಚಿಕ್ಕ ವಿಂಡ್‌ಸ್ಕ್ರೀನ್, ಅಷ್ಟೇ. ಎರಡು ಜೊತೆ ಕೈಗವಸು ಹಾಕಿದ್ದರೂ ಬೆರಳ ತುದಿ ಮರಗಟ್ಟಿತ್ತು.

ನಾವು ಇಬ್ಬರು, ಯಂತ್ರಗಳು ಎರಡು. ಗೆಳೆಯ ಹದಿನೈದು ವರ್ಷದಿಂದ ಗೈರೋ ಹಾರಿಸುತ್ತಿರುವವನು. ನನಗೆ ಲೈಸೆನ್ಸ್ ಸಿಕ್ಕಿ ಮೂರು ವರ್ಷ. ಪೋರ್ಟ್ ಅಗಸ್ಟಾದಿಂದ ಹೊರಟು, ಫ್ಲಿಂಡರ್ಸ್ ಬೆಟ್ಟಸಾಲಿನ ಪಕ್ಕದಲ್ಲೇ ಹಾರಿ, ಲೀ ಕ್ರೀಕ್‌ನಲ್ಲಿ ಇಳಿದು, ಮರೀ ತಲುಪಿದ್ದೆವು. ಮುಂದೆ ವಿಲಿಯಂ ಕ್ರೀಕ್, ಅಲ್ಲಿಂದ ಕೂಬರ್ ಪೀಡಿ, ಆಮೇಲೆ ಅದೇ ದಾರಿಯಲ್ಲಿ ವಾಪಸ್. ಹೋಗಿ ಬರಲು ಹೆಚ್ಚುಕಮ್ಮಿ 1,300 ಕಿಲೋಮೀಟರ್. ದೊಡ್ಡ ವಿಮಾನಕ್ಕೆ ಎರಡು ಗಂಟೆಯ ಮಾತು. ನಮಗೆ ಆರು ದಿನ ಹಿಡಿಯಿತು.

ಊರಿನವರು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: ಅದು ಹೆಲಿಕಾಪ್ಟರಾ, ವಿಮಾನವಾ? ಎರಡೂ ಅಲ್ಲ. ಜಾತ್ರೆಯಲ್ಲಿ ಕೊಂಡ ಗಿರಗಿಟ್ಲೆಯನ್ನು ಕೈಯಲ್ಲಿ ಹಿಡಿದು ಓಡಿದರೆ ತಾನಾಗೇ ತಿರುಗುತ್ತದಲ್ಲ, ಗೈರೋದ ತಲೆ ಮೇಲಿನ ರೆಕ್ಕೆ ತಿರುಗುವುದೂ ಹಾಗೇ. ಹೆಲಿಕಾಪ್ಟರ್‌ನಲ್ಲಿ ಆ ರೆಕ್ಕೆಯನ್ನು ಇಂಜಿನ್ ತಿರುಗಿಸುತ್ತದೆ. ಗೈರೋದಲ್ಲಿ ಇಂಜಿನ್ ತಿರುಗಿಸುವುದು ಬೆನ್ನ ಹಿಂದಿನ ಪ್ರೊಪೆಲ್ಲರನ್ನು ಮಾತ್ರ. ಅದು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ, ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗಿ ರೆಕ್ಕೆಯನ್ನು ತಿರುಗಿಸುತ್ತದೆ. ಟೇಕಾಫ್‌ಗೆ ಮೊದಲು ಸ್ವಲ್ಪ ಹೊತ್ತು ಇಂಜಿನ್‌ನಿಂದಲೇ ರೆಕ್ಕೆಗೆ ಒಂದು ಚಾಲನೆ ಕೊಡುತ್ತೇವೆ, ನೆಲ ಬಿಡುವ ಹೊತ್ತಿಗೆ ಪೂರ್ತಿ ಗಾಳಿಯದ್ದೇ ಕೆಲಸ. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ 1923ರಲ್ಲಿ ಇದನ್ನು ಮೊದಲು ಹಾರಿಸಿ ತೋರಿಸಿದ. ವೇಗ ಕಡಿಮೆಯಾಗಿ ದಿಢೀರನೆ ಬೀಳುವ ಭಯ ಇರಬಾರದು ಅನ್ನುವುದೇ ಅವನ ಹಟ. ಅದು ನಿಜಕ್ಕೂ ಸಾಧ್ಯವಾಯಿತು. ಇಂಜಿನ್ ನಿಂತರೂ ರೆಕ್ಕೆ ನಿಲ್ಲುವುದಿಲ್ಲ. ಕೆಳಗೆ ಇಳಿಯುತ್ತಲೇ ತಿರುಗುತ್ತಿರುತ್ತದೆ, ಇಳಿಯಲು ಒಂದು ಚಿಕ್ಕ ಬಯಲು ಸಾಕು. ಹಾಗಂತ ಅಪಾಯವೇ ಇಲ್ಲ ಅಂತಲ್ಲ. ರೆಕ್ಕೆಯ ಮೇಲೆ ಭಾರ ಸದಾ ಇರಬೇಕು. ಗಾಬರಿಯಲ್ಲಿ ಯಂತ್ರ ನಡೆಸುವ ಸ್ಟಿಕ್ಕನ್ನು ಜೋರಾಗಿ ಮುಂದಕ್ಕೆ ಒತ್ತಿ ಆ ಭಾರ ಕಳೆದುಕೊಂಡರೆ ಗೈರೋವನ್ನು ಉಳಿಸಿಕೊಳ್ಳುವುದು ಕಷ್ಟ. ನಮಗೆ ಮೊದಲ ಪಾಠದಲ್ಲೇ ಕಲಿಸುವುದು ಇದನ್ನು.

ಇನ್ನು ಪೆಟ್ರೋಲ್ ಲೆಕ್ಕ. ಮರಳುಗಾಡಿನಲ್ಲಿ ಹಾರುವವನ ತಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಓಡುವುದು ಇದೇ. ನನ್ನ ಟ್ಯಾಂಕ್ 75 ಲೀಟರ್. ಗಂಟೆಗೆ 18 ಲೀಟರ್ ಕುಡಿಯುತ್ತದೆ. ವೇಗ ಗಂಟೆಗೆ 130 ಕಿಲೋಮೀಟರ್. ಗಾಳಿ ಇಲ್ಲದಿದ್ದರೆ 500 ಕಿಲೋಮೀಟರ್ ದಾಟಬಹುದು. ಆದರೆ 40 ಕಿಲೋಮೀಟರ್ ವೇಗದ ಎದುರು ಗಾಳಿ ಸಿಕ್ಕರೆ ಅದೇ ಪೆಟ್ರೋಲ್‌ಗೆ 375 ಮಾತ್ರ ಆಗುತ್ತದೆ, ಅದರಲ್ಲೂ ಮುಕ್ಕಾಲು ಗಂಟೆಯಷ್ಟನ್ನು ಮುಟ್ಟದೆ ಉಳಿಸಿಕೊಳ್ಳಬೇಕು. ನಮ್ಮ ರೋಟಾಕ್ಸ್ ಇಂಜಿನ್‌ಗೆ ಕಾರಿನ ಪೆಟ್ರೋಲೇ ಆಗುತ್ತದೆ, ಅದು ದೊಡ್ಡ ಉಪಕಾರ. ರೋಡ್‌ಹೌಸ್‌ನಿಂದ ಕ್ಯಾನ್‌ನಲ್ಲಿ ಹೊತ್ತು ತಂದು, ಧೂಳು ಮತ್ತು ನೀರು ಸೇರದಂತೆ ಶೋಧಿಸಿ ತುಂಬಿಸುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಹತ್ತು ಲೀಟರ್ ಕುಡಿಯುವ ನೀರು, ಮಲಗುವ ಚೀಲ, ಟೂಲ್ಸ್. ಅಪಾಯದಲ್ಲಿ ನಾವಿರುವ ಜಾಗದ ಸಂಕೇತ ಕಳಿಸುವ ತುರ್ತು ಬೀಕನ್ ಮಾತ್ರ ನನ್ನ ಜಾಕೆಟ್ ಜೇಬಿನಲ್ಲೇ. ಯಂತ್ರಕ್ಕೆ ಬೆಂಕಿ ಬಿದ್ದು ನಾನು ಓಡಿದರೆ ಬೀಕನ್ ನನ್ನ ಜೊತೆ ಇರಬೇಕು, ಯಂತ್ರದ ಜೊತೆ ಅಲ್ಲ. ಇದು ಗೆಳೆಯ ಹೇಳಿಕೊಟ್ಟ ಮಾತು.

ಈಗ ದಾರಿಯ ವಿಷಯ. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದು.

ಮರೀಯಿಂದ ವಿಲಿಯಂ ಕ್ರೀಕ್‌ಗೆ ನೇರ ಗೆರೆ ಎಳೆದು ಹೋಗಬಹುದಿತ್ತು. ನಾವು ಹಾಗೆ ಮಾಡಲಿಲ್ಲ. ಊಡ್ನಡಾಟಾ ಟ್ರ್ಯಾಕ್ ಅಂತ ಒಂದು ಮಣ್ಣಿನ ರಸ್ತೆ ಇದೆ, ಮರೀಯಿಂದ ಮಾರ್ಲಾವರೆಗೆ 600 ಕಿಲೋಮೀಟರ್‌ಗೂ ಜಾಸ್ತಿ. ಅದನ್ನೇ ಹಿಡಿದು ಹಾರಿದೆವು. ಏನಾದರೂ ಆಗಿ ಇಳಿಯಬೇಕಾದರೆ ರಸ್ತೆ ಇರಲಿ, ಒಂದಲ್ಲ ಒಂದು ಗಾಡಿ ಬರುತ್ತದೆ ಅನ್ನುವ ಲೆಕ್ಕ. ಆದರೆ ರಸ್ತೆ ಸುಮ್ನೆ ಸುಮ್ನೆ ಬಾಗುತ್ತಿತ್ತು. ನೆಲ ಪೂರ್ತಿ ಸಮತಟ್ಟು, ಅಡ್ಡ ಬರುವ ಬೆಟ್ಟವಿಲ್ಲ, ಆದರೂ ಎಡಕ್ಕೆ, ಬಲಕ್ಕೆ. ಯಾಕೆ ಅಂತ ಮೊದಲ ಅರ್ಧ ಗಂಟೆ ಅರ್ಥವಾಗಲಿಲ್ಲ.

ಆಮೇಲೆ ಕಂಡಿತು. ಕೆಂಪು ಕಂದು ನೆಲದ ನಡುವೆ ಒಂದು ಬಿಳಿ ಉಂಗುರ. ಅದರೊಳಗೆ ಒಂದು ಹಸಿರು ಉಂಗುರ. ಅದರ ನಡುವೆ ಕನ್ನಡಿ ಚೂರಿನಂತೆ ನೀರು. ಎಂಟು ನೂರು ಅಡಿ ಎತ್ತರದಲ್ಲಿ ನಿಧಾನಕ್ಕೆ ಸುತ್ತು ಹಾಕಿದೆ. ಬಿಳಿ ಅಂಚು ಉಪ್ಪಿನದ್ದು, ಹಸಿರು ಜೊಂಡಿನದ್ದು. ಒಂದು ಪುಟ್ಟ ದಿಬ್ಬದ ನೆತ್ತಿಯಲ್ಲಿ ತಟ್ಟೆಯಂತೆ ತುಂಬಿಕೊಂಡ ಕೊಳ. ಬ್ಲಾಂಚ್ ಕಪ್ ಅಂತ ಅದರ ಹೆಸರು. ಪಕ್ಕದಲ್ಲೇ ಇನ್ನೊಂದು ಇದೆ, ತಳದ ಮರಳು ಕುದಿಯುವ ಹಾಗೆ ಗುಳುಗುಳು ಮೇಲೇಳುವ ಬಬ್ಲರ್.

ನಾನು ಹುಟ್ಟಿದ್ದು ಚಳ್ಳಕೆರೆ ಕಡೆ, ವೇದಾವತಿ ದಡದ ಹಳ್ಳಿಯಲ್ಲಿ. ಬೇಸಿಗೆಯಲ್ಲಿ ಹೊಳೆ ಅಂದರೆ ಬರೀ ಮರಳು. ಅಮ್ಮ ಆ ಮರಳಲ್ಲಿ ಕೈಯಿಂದ ಗುಂಡಿ ತೋಡಿ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಜಿನುಗುತ್ತಿತ್ತು. ಮೊದಲ ಎರಡು ಚೊಂಬು ರಾಡಿ, ಚೆಲ್ಲಬೇಕು. ಮೂರನೆಯದು ತಿಳಿ. ಒರತೆ ಅಂತೀವಲ್ಲ, ಅದು. ಬ್ಲಾಂಚ್ ಕಪ್ ನೋಡಿದಾಗ ನನ್ನ ಬಾಯಲ್ಲಿ ಹೆಲ್ಮೆಟ್ ಒಳಗೇ ಬಂದ ಮಾತು "ಒರತೆ". ಬೇರೆ ಯಾವ ಪದವೂ ಹೊಳೆಯಲಿಲ್ಲ.

ಆದರೆ ಈ ಒರತೆ ತುಂಬಾ ದೂರದಿಂದ ಬಂದದ್ದು. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನೆಲದಡಿಯಲ್ಲಿ, ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡು ಒಂದು ನೀರಿನ ಪದರ ಇದೆ, ಗ್ರೇಟ್ ಆರ್ಟೀಸಿಯನ್ ಬೇಸಿನ್. ಪೂರ್ವದ ಬೆಟ್ಟಗಳ ಮೇಲೆ ಬಿದ್ದ ಮಳೆ ಕಲ್ಲಿನ ಪದರದೊಳಗೆ ಇಳಿದು, ವರ್ಷಕ್ಕೆ ಕೆಲವೇ ಮೀಟರ್ ತೆವಳುತ್ತಾ, ಬಿರುಕು ಸಿಕ್ಕ ಕಡೆ ಒತ್ತಡದಿಂದ ಮೇಲೇಳುತ್ತದೆ. ಈ ಅಂಚಿನಲ್ಲಿ ಬರುವ ನೀರಿಗೆ ಲಕ್ಷಾಂತರ ವರ್ಷ ವಯಸ್ಸು. ನೀರಿನ ಜೊತೆ ಬಂದ ಖನಿಜ, ಮರಳು ಎಲ್ಲ ಗಟ್ಟಿಯಾಗಿ ದಿಬ್ಬವಾಗುತ್ತದೆ. ಅಂಥ ದಿಬ್ಬಗಳು ಸಾಲಾಗಿ ಇಲ್ಲಿವೆ.

ಈ ಸಾಲನ್ನು ಹಿಡಿದೇ ಇಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನ ಸಾವಿರಾರು ವರ್ಷದಿಂದ ಓಡಾಡಿದರು. 1862ರಲ್ಲಿ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿದ ಜಾನ್ ಮ್ಯಾಕ್‌ಡೂವಲ್ ಸ್ಟುವರ್ಟ್ ಹೋದದ್ದೂ ಇಲ್ಲೇ, ನೀರಿನಿಂದ ನೀರಿಗೆ. ಹತ್ತು ವರ್ಷದ ನಂತರ ಟೆಲಿಗ್ರಾಫ್ ತಂತಿ ಇದೇ ದಾರಿ ಹಿಡಿಯಿತು. ಆಮೇಲೆ ರೈಲು ಬಂತು. ಉಗಿಬಂಡಿಗೂ ನೀರು ಬೇಕಲ್ಲ? 1884ರಲ್ಲಿ ಮರೀ, 1891ರಲ್ಲಿ ಊಡ್ನಡಾಟಾ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ತಲುಪಿ, 1980ರಲ್ಲಿ ಆ ಹಳಿ ನಿಂತುಹೋಯಿತು. ಈಗ ಕೆಳಗೆ ಪಾಳು ಸ್ಟೇಷನ್‌ಗಳು, ಹಳಿ ಕಿತ್ತ ದಿಬ್ಬ, ಒಂಟಿ ಸೇತುವೆಗಳು ಕಾಣುತ್ತವೆ. ರೈಲಿನ ಪಕ್ಕದಲ್ಲಿ ರಸ್ತೆ ಹುಟ್ಟಿತು. ಆ ರಸ್ತೆ ನಂಬಿಕೊಂಡು ಈಗ ನಾವು. ಹೊರಡುವ ಮುಂಚೆ ಮೂರು ವಾರ ಮ್ಯಾಪ್ ಹರಡಿಕೊಂಡು ಈ ದಾರಿಯನ್ನು ನಾವೇ ಆರಿಸಿದೆವು ಅಂದುಕೊಂಡಿದ್ದೆ. ಆರಿಸಿದ್ದು ನೆಲದಡಿಯ ನೀರು. ನಿಧಾನಕ್ಕೆ, ಕೆಳಗೆ ಹಾರದಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಮರೀಯ ಪಶ್ಚಿಮಕ್ಕೆ ನೆಲದ ಮೇಲೆ ಗೀರಿದ ಒಂದು ಮನುಷ್ಯನ ಚಿತ್ರವಿದೆ, ಕಿಲೋಮೀಟರ್‌ಗಟ್ಟಲೆ ಉದ್ದ. 1998ರಲ್ಲಿ ಒಬ್ಬ ಪೈಲಟ್ ಕಣ್ಣಿಗೆ ಬಿತ್ತು. ಯಾರು ಬರೆದರು ಅನ್ನುವುದು ಇವತ್ತಿಗೂ ಖಚಿತವಾಗಿಲ್ಲ. ಅದನ್ನು ನೋಡಲು ತುಂಬಾ ಮೇಲೇರಬೇಕು. ಏರಿದೆವು, ನೋಡಿದೆವು, ಇಳಿದೆವು. ಒರತೆ ನೋಡಿದ ಮೇಲೆ ಅದು ನನ್ನನ್ನು ಅಷ್ಟು ಹಿಡಿಯಲಿಲ್ಲ.

ವಿಲಿಯಂ ಕ್ರೀಕ್ ಅಂದರೆ ಒಂದು ಹೋಟೆಲ್, ಒಂದು ಏರ್‌ಸ್ಟ್ರಿಪ್, ಬೆರಳೆಣಿಕೆಯ ಜನ. ಮರುದಿನ ಬೆಳಿಗ್ಗೆ ಅಲ್ಲಿ ಯಂತ್ರ ಪರೀಕ್ಷಿಸುತ್ತಿದ್ದೆ. ಗೆಳೆಯನ ನಿಯಮ: ಕಣ್ಣಿಂದ ನೋಡಿದರೆ ಸಾಲದು, ಪ್ರತಿಯೊಂದನ್ನೂ ಕೈಯಿಂದ ಮುಟ್ಟಬೇಕು. ಸೈಲೆನ್ಸರ್ ಹಿಡಿದಿಡುವ ಸ್ಪ್ರಿಂಗ್‌ಗಳ ಮೇಲೆ ಬೆರಳಾಡಿಸುತ್ತಾ ಹೋದೆ. ಒಂದು ಗಟ್ಟಿ. ಎರಡನೆಯದೂ ಗಟ್ಟಿ. ಮೂರನೆಯದು ಬೆರಳಿಗೆ ಸಿಕ್ಕಿ ಅಲ್ಲಾಡಿತು. ಕೊಕ್ಕೆಯ ಹತ್ತಿರ ತುಂಡಾಗಿ, ಸುರಕ್ಷತೆಗೆ ಸುತ್ತಿದ್ದ ತೆಳು ತಂತಿಯಲ್ಲಿ ನೇತಾಡುತ್ತಿತ್ತು. ಮುರಿದ ಜಾಗ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ತಂತಿ ಇಲ್ಲದಿದ್ದರೆ ತುಂಡು ನೇರ ಹಿಂದಿನ ಪ್ರೊಪೆಲ್ಲರ್‌ಗೆ ಹೋಗಿ ಬಡಿಯುತ್ತಿತ್ತು. ಎರಡೇ ಬೆರಳು ಉದ್ದದ ಸ್ಪ್ರಿಂಗ್. ಬದಲಿ ಇತ್ತು, ಕೊಕ್ಕೆ ಎಳೆಯುವ ಉಪಕರಣವೂ ಇತ್ತು, ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಕೈ ನಡುಕ ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಅದೇ ಬೆಳಿಗ್ಗೆ ಕಾಟಿ ತಾಂಡಾ ನೋಡಲು ಹೋದೆವು. ಲೇಕ್ ಏರ್ ಅಂತಲೂ ಕರೆಯುತ್ತಾರೆ. ಆಸ್ಟ್ರೇಲಿಯಾದ ಅತಿ ತಗ್ಗಿನ ಜಾಗ, ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗೆ. ಹೆಚ್ಚಿನ ವರ್ಷ ಇದು ಬರೀ ಉಪ್ಪಿನ ಬಯಲು. 1964ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಇದರ ಮೇಲೆ ಗಂಟೆಗೆ 648 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿದ್ದ. ಈ ಸಲ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುರಿದ ದೊಡ್ಡ ಮಳೆ ನೂರಾರು ಕಿಲೋಮೀಟರ್ ಹರಿದು ಬಂದು ಇಲ್ಲಿ ನಿಂತಿತ್ತು. ಅರಬಾನಾ ಜನರಿಗೆ ಇದು ಪವಿತ್ರ ಜಾಗ. ಕೆರೆಯ ಅಂಗಳಕ್ಕೆ ಕಾಲಿಡಬೇಡಿ ಅಂತ ಅವರ ಕೋರಿಕೆ, ಅದು ಪೂರ್ತಿ ನ್ಯಾಯ ಅಂತ ನನಗನಿಸುತ್ತದೆ.

ನೀರಿನ ಮೇಲೆ ಹಾರುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಗಾಳಿ ಇರಲಿಲ್ಲ. ನೀರು ಒಂದಿಷ್ಟೂ ಅಲುಗದೆ ಮಲಗಿತ್ತು. ಆಕಾಶದ ತಿಳಿಗುಲಾಬಿ ಅದರಲ್ಲಿ ಬಿದ್ದು, ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರು ಅಂತ ಗೊತ್ತಾಗುತ್ತಿರಲಿಲ್ಲ. ಎತ್ತರ ಎಷ್ಟು ಅಂತ ಕಣ್ಣು ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಸಮುದ್ರಮಟ್ಟದಿಂದ ಎತ್ತರ ಅಳೆಯುವ ಆಲ್ಟಿಮೀಟರ್ 950 ಅಡಿ ತೋರಿಸುತ್ತಿತ್ತು, ಕೆಳಗಿನ ನೀರು ಸಮುದ್ರಕ್ಕಿಂತ ತಗ್ಗಿನಲ್ಲಿರುವುದರಿಂದ ನಿಜವಾಗಿ ಸಾವಿರ ಅಡಿ ಇದ್ದೆ. ಅಷ್ಟು ಎತ್ತರದಿಂದ ಇಂಜಿನ್ ನಿಂತರೆ ಗೈರೋ ಮುಂದಕ್ಕೆ ತೇಲುವುದು ಒಂದು ಕಿಲೋಮೀಟರ್ ಚಿಲ್ಲರೆ. ಅದಕ್ಕೇ ದಡ ಬಿಟ್ಟು ದೂರ ಹೋಗಲಿಲ್ಲ. ದಡದ ಗೆರೆಯೊಂದೇ ಕಣ್ಣಿಗೆ ಆಧಾರ. ದೂರದಲ್ಲಿ ಬಿಳಿ ಚುಕ್ಕಿಗಳ ಒಂದು ಗುಂಪು ಕಂಡಿತು. ಹಕ್ಕಿಗಳು. ಅವುಗಳಿಗೆ ತೊಂದರೆ ಆಗದಿರಲಿ ಅಂತ ಅಲ್ಲಿಂದಲೇ ತಿರುಗಿದೆವು.

ಕೂಬರ್ ಪೀಡಿಗೆ ಹೋಗುವ ದಿನ ಎದುರು ಗಾಳಿ ಸಿಕ್ಕಿತು. ವೂಮೆರಾ ಮಿಲಿಟರಿ ನಿಷೇಧಿತ ಪ್ರದೇಶದ ಮೇಲೆ ಹಾದು ಹೋಗಬೇಕು, ಆ ದಿನ ಅಲ್ಲಿ ಯಾವ ಪರೀಕ್ಷೆಯೂ ಇಲ್ಲ ಅಂತ ಖಚಿತ ಮಾಡಿಕೊಂಡೇ ಹೊರಟೆವು. ಜಿಪಿಎಸ್‌ನಲ್ಲಿ ನೆಲದ ವೇಗ 80 ತೋರಿಸುತ್ತಿತ್ತು. ಕೆಳಗೆ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ಒಂದು ಕಾರು ಬಹಳ ಹೊತ್ತು ನನ್ನ ಜೊತೆಗೇ ಬಂತು. ಒಂದೂಕಾಲು ಗಂಟೆಯ ದಾರಿಗೆ ಎರಡು ಗಂಟೆ ಆಯಿತು. ಭುಜ ಸೆಟೆದುಕೊಂಡಿತ್ತು. ಜಗತ್ತನ್ನೇ ಗೈರೋದಲ್ಲಿ ಸುತ್ತಿದ ಇಬ್ಬರು ನೆನಪಾದರು. ಕ್ಯಾನ್ಸರ್ ಗೆದ್ದು 2010ರಲ್ಲಿ ಹೊರಟು ಅಡೆತಡೆ ದಾಟಿ 2019ರಲ್ಲಿ ಮುಗಿಸಿದ ನಾರ್ಮನ್ ಸರ್ಪ್ಲಸ್, ಅದೇ ವರ್ಷ 175 ದಿನದಲ್ಲಿ ಸುತ್ತಿ ಬಂದ ಜೇಮ್ಸ್ ಕೆಚೆಲ್. ಅವರು ಎಷ್ಟು ದಿನ ಹೀಗೆ ಭುಜ ಬಿಗಿಹಿಡಿದು ಕೂತಿರಬೇಕು! ಅಷ್ಟರಲ್ಲಿ ನೆಲದ ತುಂಬಾ ಸಾವಿರಾರು ಬಿಳಿ ಮಣ್ಣಿನ ಗುಡ್ಡೆಗಳು ಕಂಡವು. 1915ರಿಂದ ಓಪಲ್ ಹರಳಿಗಾಗಿ ತೋಡಿ ಹಾಕಿದ ಮಣ್ಣು. ಊರು ಬಂದಿತ್ತು. ಆ ರಾತ್ರಿ ನೆಲದಡಿಯ ಕೋಣೆಯಲ್ಲಿ ಮಲಗಿದೆವು, ಒಂದು ಕಿಟಕಿ ಇಲ್ಲ, ಒಂದು ಶಬ್ದ ಇಲ್ಲ.

ವಾಪಸ್ ಬರುತ್ತಾ ಮರೀಯಲ್ಲಿ ಮತ್ತೆ ಒಂದು ರಾತ್ರಿ. ಸಂಜೆ ಊರೊಳಗೆ ನಡೆದೆ. ಖರ್ಜೂರದ ಮರಗಳಿವೆ ಅಲ್ಲಿ, ಒಂಟೆ ಸವಾರರ ಕಾಲದ ನೆನಪು. ಅವರನ್ನು ಇಲ್ಲಿ ಅಫ್ಘಾನರು ಅಂತ ಕರೆದರು, ಆದರೆ ಬಹಳ ಜನ ಅಂದಿನ ಬ್ರಿಟಿಷ್ ಇಂಡಿಯಾದ ಬಲೂಚಿಸ್ತಾನ, ಸಿಂಧ್, ಪಂಜಾಬ್ ಕಡೆಯವರು. ರೈಲು, ಲಾರಿ ಇಲ್ಲದ ಕಾಲದಲ್ಲಿ ಈ ಒಳನಾಡಿಗೆ ಅಕ್ಕಿ, ಹಿಟ್ಟು, ತಂತಿ ಎಲ್ಲ ಹೊತ್ತದ್ದು ಅವರ ಒಂಟೆಗಳು. ಅವರು ಕಟ್ಟಿದ ಪುಟ್ಟ ಮಸೀದಿಯ ಮಾದರಿಯನ್ನು ಊರಲ್ಲಿ ಮತ್ತೆ ಎಬ್ಬಿಸಿದ್ದಾರೆ, ಮುಂದೆ ಒಂದು ಚಿಕ್ಕ ಕೊಳ. ಅದರ ಪಕ್ಕ ಕೂತು ಅಮ್ಮನಿಗೆ ಫೋನ್ ಮಾಡಿದೆ.

ಎಷ್ಟು ಎತ್ತರ, ಎಷ್ಟು ವೇಗ, ಭಯ ಆಯಿತಾ ಅಂತ ಏನೂ ಕೇಳಲಿಲ್ಲ. "ಅಷ್ಟು ದೂರ ಹೋಗಿದ್ದೀಯ, ನೀರಿಗೇನು ಮಾಡಿದ್ರಿ?" ಅಂದಳು. ನಾನು ಬಿಳಿ ಉಂಗುರ, ಹಸಿರು ಉಂಗುರ, ನಡುವಿನ ಕೊಳ ಎಲ್ಲ ವರ್ಣಿಸಿದೆ. ಲಕ್ಷಾಂತರ ವರ್ಷ ಹಳೆಯ ನೀರು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಸಿಹಿಯೋ, ಉಪ್ಪೋ?"

"ಮೇಲಿಂದ ನೋಡಿದ್ದು ಅಷ್ಟೇ ಅಮ್ಮ. ಇಳಿಯಲಿಲ್ಲ."

"ಅಯ್ಯೋ," ಅಂದಳು, "ಒರತೆ ಹತ್ತಿರ ಹೋಗಿ ಬಾಯಿಗೆ ಒಂದು ಹನಿ ಹಾಕಿಕೊಳ್ಳದೆ ಬಂದ್ಯಾ?"